ಬ್ರಿಗಾ ಅಂದರೆ ಜಗಳ

ಹೊಸಹಳ್ಳಿಯ ಆಫೀಸಲ್ಲಿ ನನ್ನ ಕೆಲಸ, ಬ್ರೆಜಿಲ್ ಗ್ರಾಹಕರ ದೂರುಗಳನ್ನು ಪೋರ್ಚುಗೀಸಿನಿಂದ ಇಂಗ್ಲಿಷಿಗೆ ತರೋದು. ಆರ್ಗ್ಯುಮೆಂಟಿಗೆ ಅವರು ದಿಸ್ಕುಸಾಂವ್ ಅಂತಾರೆ, ಫೈಟಿಗೆ ಬ್ರಿಗಾ. ನಮ್ಮ ಕಂಪನಿಯವನ ಜೊತೆ ಬ್ರಿಗಾ ಆಯ್ತು ಅಂತ ಒಬ್ಬ ಹೆಂಗಸು ಬರೆದಿದ್ದಳು. ನಾನು ಫೈಟ್ ಅಂತಲೇ ಹಾಕಿದೆ.

"ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಅಂತ ಮಾಡಮ್ಮ," ಅಂದರು ಮ್ಯಾನೇಜರು.

"ಅದಕ್ಕೆ ಅವರಲ್ಲಿ ಬೇರೆ ಪದ ಇದೆ ಸಾರ್. ಅವಳು ಅದನ್ನ ಬರೆದಿಲ್ಲ."

ಮೂಡಲಪಾಳ್ಯದ ನಮ್ಮ ವಠಾರದಲ್ಲಿ ಅಮ್ಮ ಬೆಳಿಗ್ಗೆ ನಲ್ಲಿ ಹತ್ತಿರ ಪಕ್ಕದ ಮನೆಯವರ ಜೊತೆ ಗಂಟಲು ಹರ್ಕೊಂಡು ಜಗಳ ಆಡಿ, ಸಂಜೆ ಅದೇ ಮನೆಗೆ ಬಸ್ಸಾರು ಕೊಟ್ಟು ಬರ್ತಿದ್ದಳು. ಜಗಳವನ್ನ ಜಗಳ ಅಂದಿದ್ದಕ್ಕೇ ಅದು ಸಂಜೆಗೆ ಮುಗೀತಿತ್ತು.

ಮ್ಯಾನೇಜರು ನಕ್ಕರು. "ಹೋಗ್ಲಿ ಬಿಡಮ್ಮ, ಇಷ್ಟಕ್ಕೆಲ್ಲ ನಮ್ಮಲ್ಲಿ ಭಿನ್ನಾಭಿಪ್ರಾಯ ಯಾಕೆ?"

"ಭಿನ್ನಾಭಿಪ್ರಾಯ ಅಲ್ಲ ಸಾರ್," ಅಂದೆ. "ಇದು ಜಗಳ."