ಮುಲ್ಕಿ ಊರಲ್ಲ

ಓದಲು ಕೂರುವ ಮೊದಲು ಆಪಾ ಎರಡೂ ಕೈಯ ಹಸಿರು ಗಾಜಿನ ಬಳೆಗಳನ್ನು ಮುಂಗೈ ಮೇಲಕ್ಕೆ ಒತ್ತಿ ಏರಿಸಿಕೊಳ್ಳುತ್ತಿದ್ದರು. ಬಳೆ ಸದ್ದು ಮಾಡಿದರೆ ಅಕ್ಷರ ಕೇಳಿಸುವುದಿಲ್ಲವಂತೆ. ಓದು ಮುಗಿಸಿ ಇಳಿಸಿದಾಗ ಕೈಮೇಲೆ ಕೆಂಪು ಗೆರೆಗಳು ಮೂಡಿರುತ್ತಿದ್ದವು.

ಮಕ್ಕಳೇ, ನೀವು ಅವರನ್ನು ನೋಡಿಲ್ಲ. ಧಾರವಾಡದ ನಮ್ಮ ಓಣಿಯಲ್ಲಿ ಎದುರು ಮನೆಯವರು. ಆಪಾ ಅಂದರೆ ಅಕ್ಕ. ಅವರ ತಂದೆ ಕಲಾಯಿ ಹಾಕುವವರು. ಮಾಳಮಡ್ಡಿಯ ಮನೆಗಳ ಹಿತ್ತಾಳೆ ಪಾತ್ರೆಗಳೆಲ್ಲ ಅವರ ಅಂಗಳಕ್ಕೆ ಬಂದು, ಒಳಗೆ ಬೆಳ್ಳಗಾಗಿ ಮರಳುತ್ತಿದ್ದವು. ಮಗಳನ್ನು ಹೆಣ್ಣುಮಕ್ಕಳ ಶಾಲೆಗೆ ಹಾಕಿದಾಗ ಜನ, "ಓದಿ ಬಂದು ಪಾತ್ರಿಗೆ ಕಲಾಯಿ ಹಾಕ್ತಾಳೇನ್ರಿ?" ಎಂದು ನಕ್ಕರಂತೆ.

"ಒಳಗ ಕಲಾಯಿ ಇದ್ರ ಸಾರು ಕಿಲುಬು ಹಿಡಿಯೂದಿಲ್ಲ. ಹುಡುಗೀಗೂ ಅಷ್ಟ ಬೇಕು," ಎಂದರಂತೆ ತಂದೆ.

ಆಗ ಏಳನೆಯ ತರಗತಿಯ ದೊಡ್ಡ ಪರೀಕ್ಷೆಗೆ ಮುಲ್ಕಿ ಎನ್ನುತ್ತಿದ್ದರು. ಓಣಿಯಲ್ಲಿ ಅದನ್ನು ಪಾಸಾದ ಮೊದಲ ಹುಡುಗಿ ಆಪಾ. ನೀರಿಗೆ ಹೋದಾಗ ಹುಡುಗರು ಹಿಂದಿನಿಂದ "ಏ ಮುಲ್ಕೀ!" ಎಂದು ಅಣಕಿಸಿದರೆ, ಕೊಡ ಇಳಿಸದೆ ತಿರುಗಿ, "ಓ! ಪಾಸಾಗೇನಿ, ಕರೀರಿ. ನಿಮ್ಮನ್ನ ಏನಂತ ಕರೀಲಿ?" ಎನ್ನುತ್ತಿದ್ದರಂತೆ. ಅಣಕಿಸಿದವರೇ ಮುಂದೆ ತಮ್ಮ ಮಕ್ಕಳ ಕೈ ಹಿಡಿದು ಬಂದು, "ಮುಲ್ಕಿ ಆಪಾ, ಇವಂಗೊಂದಿಷ್ಟು ಮಗ್ಗಿ ಕಲಸ್ರಿ" ಎಂದು ನಿಲ್ಲುವುದನ್ನು ನಾನೇ ಕಂಡಿದ್ದೇನೆ.

ನಾನೋ, ಸೆರಗಿನೊಳಗೇ ಮಾತಾಡುವವಳು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಅದೂ ನಿಂತಿತು. ಒಂದು ಬೆಳಿಗ್ಗೆ ಆಪಾ ಪೇಪರು ಹಿಡಿದು ನಮ್ಮ ಕಟ್ಟೆಗೆ ಬಂದು, "ಕಣ್ಣು ಮಂಜಾಗ್ಯಾವ ತಂಗಿ, ಓದಿ ಹೇಳು," ಎಂದರು. ಗೊಣಗಿದೆ.

"ಪೇಪರಿಗೆ ಗುಟ್ಟು ಹೇಳಾಕತ್ತೀಯೇನು? ಬಾಯಿ ತೆಗಿ."

ದಿನಾ ಓದಿಸಿದರು. ಒಮ್ಮೆ ನಾನು ಒಂದು ಸಾಲು ಹಾರಿಸಿದೆ. ಎದುರಿಗೆ ಕುಳಿತವರು, ತಮಗೆ ತಲೆಕೆಳಗಾಗಿ ಕಾಣುತ್ತಿದ್ದ ಪುಟದ ಮೇಲೆ ಬೆರಳಿಟ್ಟು, "ಇದೊಂದು ಉಳೀತಲ್ಲ," ಎಂದರು.

"ಕಣ್ಣು ಮಂಜಾಗ್ಯಾವ ಅಂದಿದ್ರಲ್ಲ, ಆಪಾ?"

"ಆಗಿದ್ದುವು. ನಿನ್ನ ದನಿ ಕೇಳಿ ಛಲೋ ಆದುವು ನೋಡು."

ಎಷ್ಟೋ ದಿನಗಳ ಮೇಲೆ ನಾನು ನಕ್ಕೆ.

ಆಪಾ ಹೋಗಿ ಬಹಳ ವರ್ಷಗಳಾದವು. ಈಗ ಅವರ ಶಾಲೆಯವರು ಮೊದಮೊದಲು ಕಲಿತ ಹೆಣ್ಣುಮಕ್ಕಳ ಬಗ್ಗೆ ಪುಸ್ತಕ ಮಾಡುತ್ತಿದ್ದಾರೆ. ಮೊನ್ನೆ ಒಬ್ಬ ಸಣ್ಣ ವಯಸ್ಸಿನ ಟೀಚರು ಬಾಗಿಲಿಗೆ ಬಂದು, "ಅಜ್ಜಿ, ಮುಲ್ಕಿಯವರ ಮನಿ ಯಾವುದ್ರಿ?" ಎಂದಳು. ಹುಡುಕಿ ಹುಡುಕಿ ಸೋತಿದ್ದಳು. ಒಳಗೆ ಕರೆದು ನೀರು ಕೊಟ್ಟೆ. ಅಲ್ಲಿಯವರೆಗೆ ಬರೆದದ್ದನ್ನು ಓದಿ ಹೇಳಿದಳು: "ಇವರು ಮೂಲತಃ ಕರಾವಳಿಯ ಮುಲ್ಕಿ ಊರಿನವರು."

ನಗು ಬಂತು, ಅದರ ಹಿಂದೆಯೇ ಸಿಟ್ಟು. ಆಪಾ ಸಮುದ್ರವನ್ನೇ ಕಂಡವರಲ್ಲ! ಅಷ್ಟು ಅಣಕ ಕೇಳಿ ಗಳಿಸಿದ ಪದವಿ ಬರೀ ಊರಿನ ಹೆಸರಾಗಿ ಅಚ್ಚಾದರೆ, ಅವರು ಪಾಸಾದದ್ದೇ ಸುಳ್ಳಾದಂತೆ.

"ಮುಲ್ಕಿ ಊರಲ್ಲ ಯವ್ವಾ, ಪರೀಕ್ಷಾ!" ಎಂದೆ. ಎಷ್ಟು ಜೋರಾಗಿತ್ತೆಂದರೆ ಪಕ್ಕದ ಕಿರಾಣಿ ಅಂಗಡಿಯವನು ಓಡಿಬಂದ.

"ಏನಾತ್ರಿ ಅಮ್ಮಾರ, ಜಗಳೇನು?"

"ಜಗಳ ಅಲ್ಲೋ, ಪಾಠ. ನೀನೂ ಕೇಳು."

ಹೇಳಿದೆ. ಕಲಾಯಿ ಅಂಗಳ, ಕೊಡ, ಅಣಕ, ಮಗ್ಗಿ, ಎಲ್ಲ. ಆ ಹುಡುಗಿ ಕರಾವಳಿಯ ಸಾಲನ್ನು ಹೊಡೆದುಹಾಕಿ, "ನಮ್ಮ ಓಣಿಯಲ್ಲಿ ಮುಲ್ಕಿ ಪಾಸಾದ ಮೊದಲ ಹೆಣ್ಣುಮಗಳು" ಎಂದು ನಾನು ಹೇಳಿದಂತೆಯೇ ಬರೆದುಕೊಂಡಳು. ಪುಸ್ತಕದಲ್ಲಿಯೂ ಹಾಗೆಯೇ ಬರುತ್ತದಂತೆ. ಹೊರಡುವಾಗ ಕೇಳಿದಳು, "ನೀವೆಲ್ಲಿ ಕಲತೀರಿ, ಅಜ್ಜಿ?"

"ನಾಕನೇ ಇಯತ್ತೆ ತನಕಾ ಹಳ್ಳಿ ಸಾಲ್ಯಾಗ," ಎಂದೆ. "ಮುಂದಿಂದು ಆಪಾನ ಕೈಯಾಗ. ಅದನ್ನೂ ಬರಕೊಳ್ಳವಾ."