ಹೀಟ್ ಪಂಪಿಗೆ ಉಡಿಸಿದ ಸೀರೆ

ನಮ್ಮ ಮನೆ ಕೆಟ್ಟದ್ದು ಜನವರಿಯ ಒಂದು ಶನಿವಾರ ಬೆಳಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ. ಗೋಡೆಯ ಮೇಲಿನ ಪುಟ್ಟ ಪರದೆ ಆ ಹೊತ್ತನ್ನು ತೋರಿಸಿ, ಪಕ್ಕದಲ್ಲಿ ಒಂದು ಕೆಂಪು ತ್ರಿಕೋನವನ್ನು ಮಿನುಗಿಸಿ, ಮನೆ ಬಿಸಿ ಮಾಡುವ ಕೆಲಸಕ್ಕೆ ರಾಜೀನಾಮೆ ಕೊಟ್ಟಿತು. ಯಂತ್ರಗಳು ಸಾಯುವಾಗ ಹೊತ್ತು ಹೇಳಿ ಸಾಯುತ್ತವೆ. ಈ ಸೌಜನ್ಯ ಮನುಷ್ಯರಿಗಿಲ್ಲವೆಂಬುದು ನನಗೆ ಅದೇ ದಿನ ಮಧ್ಯಾಹ್ನದೊಳಗೆ ಗೊತ್ತಾಗುವುದಿತ್ತು.

ಇಂಗ್ಲೆಂಡಿನ ಸೊಲಿಹಲ್‌ನ ನಮ್ಮ ಮನೆಯಲ್ಲಿ ಆಗ ನಾಲ್ಕು ಜನ. ನಾನು, ಹೆಂಡತಿ ವೀಣಾ, ತಿಂಗಳು ತುಂಬಿದ ಮಗಳು, ಬಾಣಂತನ ಮಾಡಲು ಮೈಸೂರಿನಿಂದ ಬಂದ, ವೀಣಾಳನ್ನು ಇನ್ನೂ ಪುಟ್ಟಿ ಎಂದೇ ಕರೆಯುವ ಅತ್ತೆ. ವೀಣಾ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಊರಿಗೆಲ್ಲ ನಿದ್ದೆ ಬರಿಸುವವಳು ಒಂದು ತಿಂಗಳಿಂದ ಸ್ವತಃ ನಿದ್ದೆಯಿಲ್ಲದೆ ಒದ್ದಾಡುತ್ತಿದ್ದಳು. ನನ್ನ ಕೆಲಸ ಲೆಮಿಂಗ್ಟನ್ ಸ್ಪಾ ಎಂಬ ಊರಿನ ಒಂದು ವಿಡಿಯೊ ಗೇಮ್ ಕಂಪನಿಯಲ್ಲಿ. ಆಟದೊಳಗಿನ ಹವಾಮಾನ ನನ್ನ ಜವಾಬ್ದಾರಿ. ಕಂಪ್ಯೂಟರಿನ ಪರದೆಯ ಮೇಲೆ ನಾನು ಬೀಳಿಸುವ ಹಿಮವನ್ನು ನೋಡಿ ಬೇರೆ ಬೇರೆ ದೇಶಗಳ ಹುಡುಗರು ನಡುಗಿದ್ದುಂಟು. ಆದರೆ ನಿಜವಾದ ಹಿಮ ನನ್ನ ಹಿತ್ತಲಿಗೆ ಬಂದು ಕೂತಾಗ ಅದನ್ನು ಎಲ್ಲಿ ಅಳಿಸಬೇಕೆಂದು ಎಷ್ಟು ಹುಡುಕಿದರೂ ಗುಂಡಿ ಸಿಗಲಿಲ್ಲ.

ಮನೆ ಬಿಸಿ ಮಾಡುವ ಹೀಟ್ ಪಂಪಿನ ಕಂಪನಿಗೆ ಫೋನು ಮಾಡಿದೆ. ಒಂದಷ್ಟು ಪಿಟೀಲು ಕೇಳಿಸಿದ ಮೇಲೆ ಹುಡುಗಿಯೊಬ್ಬಳು, ಎಂಜಿನಿಯರ್ ಮಂಗಳವಾರ ಬರುತ್ತಾನೆ, ಅಲ್ಲಿಯವರೆಗೆ ಬೆಚ್ಚಗಿರಿ ಎಂದು ಹಾರೈಸಿದಳು. ಹಾರೈಕೆಯನ್ನು ಜೇಬಿಗೆ ಹಾಕಿಕೊಂಡು, ಜಾಕೆಟ್ ಮೇಲೆ ಜಾಕೆಟ್ ಏರಿಸಿ ಹಿತ್ತಲಿಗೆ ಹೋದೆ. ಅಲ್ಲಿ ನಮ್ಮ ಹೀಟ್ ಪಂಪು ಸೀರೆ ಉಟ್ಟುಕೊಂಡು ನಿಂತಿತ್ತು.

ಅಲಂಕಾರಕ್ಕೆ ಹೇಳುತ್ತಿಲ್ಲ. ಗೋಡೆಯ ಬದಿಯಲ್ಲಿ ದೊಡ್ಡ ಫ್ಯಾನಿರುವ ಆ ಬೂದು ಪೆಟ್ಟಿಗೆಗೆ ಕೆಳಗೆ ಒಂದು ಹಳೆಯ ಕಂಬಳಿ, ಮೇಲೆ ಎರಡು ನೂಲಿನ ಸೀರೆ, ಗಾಳಿಗೆ ಹಾರದಂತೆ ಬಟ್ಟೆ ಕ್ಲಿಪ್ಪುಗಳು. ಮುಂದೆ ಕಟ್ಟಿದ ಹಗ್ಗದಲ್ಲಿ ಮಗುವಿನ ಲಂಗೋಟಿಗಳು ಒಣಗುವ ಬದಲು ಹಪ್ಪಳದಂತೆ ಸೆಟೆದು ನಿಂತಿದ್ದವು.

"ಅತ್ತೆ, ಇದಕ್ಕೆ ಯಾಕೆ ಸೀರೆ ಉಡಿಸಿದ್ದೀರಿ?"

"ಚಳೀಲಿ ನಿಂತಿತ್ತು ಪಾಪ," ಎಂದರು ಅತ್ತೆ ಅಡುಗೆಮನೆಯ ಬಾಗಿಲಿನಿಂದ. "ನಿಮ್ಮ ಮಿಕ್ಸಿಗೇ ಲಂಗ ಹೊಲಿಸಿಕೊಟ್ಟಿದ್ದೀನಿ. ಇಷ್ಟು ದುಬಾರಿ ಮೆಷೀನಿಗೆ ಒಂದು ಹೊದಿಕೆ ಬೇಡ್ವಾ?"

"ಬಟ್ಟೆ ಯಾಕೆ ಇಲ್ಲಿ ಒಣಗಿಸಿದ್ದೀರಿ?"

"ಬೆಂಗಳೂರಲ್ಲಿ ಪುಟ್ಟಿಯ ಅಣ್ಣನ ಮನೇಲಿ ಏಸಿ ಪೆಟ್ಟಿಗೆ ಮುಂದೆ ಸಂಡಿಗೇನೇ ಒಣಗಿಸ್ತೀವಿ. ಅಷ್ಟು ಬಿಸಿ ಗಾಳಿ ಬಿಡತ್ತೆ. ಇದು ಅದರ ಅಣ್ಣನ ಹಾಗಿದೆ, ಇನ್ನೂ ಜಾಸ್ತಿ ಬಿಡತ್ತೆ ಅಂದ್ಕೊಂಡೆ."

ಹೊದಿಸುವುದು ನಮ್ಮ ಕುಲಧರ್ಮ. ರಿಮೋಟಿಗೆ ಪ್ಲಾಸ್ಟಿಕ್ ಚೀಲ, ಫ್ರಿಜ್ಜಿನ ತಲೆಗೆ ಕ್ರೋಶಾ ಟವೆಲು, ವಾಷಿಂಗ್ ಮೆಷೀನಿಗೆ ಹೂವಿನ ಚಿತ್ತಾರದ ಗೌನು, ಹೊಸ ಸೋಫಾಕ್ಕೆ ಅದು ಹಳೆಯದಾಗುವವರೆಗೂ ಬೆಡ್‌ಶೀಟು. ನಮಗೆ ಒಂದು ವಸ್ತುವಿನ ಮೇಲೆ ಪ್ರೀತಿ ಹುಟ್ಟಿದರೆ ಆಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ. ಮನುಷ್ಯರ ಪಾಡೂ ಇದೇ. ಅಕ್ಟೋಬರಿನಲ್ಲಿ ಎರಡು ಹನಿ ಬಿದ್ದರೆ ಸಾಕು, ಮೈಸೂರಿನ ಗಂಡಸರು ಮಂಕಿ ಕ್ಯಾಪಿನೊಳಗೆ ಹೋಗಿ ಮೂಗು ಮಾತ್ರ ಹೊರಗಿಡುತ್ತಾರೆ. ಇನ್ನು ಬಾಣಂತಿ ಎಂದರೆ ಹೊದಿಕೆಯ ವಿಷಯದಲ್ಲಿ ಪಿಎಚ್‌.ಡಿ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕಾಲಿಗೆ ಕಾಲುಚೀಲ, ಹೊಟ್ಟೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ವೀಣಾ ತನ್ನ ವೈದ್ಯವಿದ್ಯೆಯನ್ನೆಲ್ಲ ಆ ಸ್ಕಾರ್ಫಿನ ಗಂಟಿನೊಳಗೆ ಕಟ್ಟಿಟ್ಟು ಸುಮ್ಮನಿದ್ದಳು. ಅಮ್ಮನಿಗೆ ಸಮಾಧಾನವಾಗುತ್ತದೆ, ನನಗೇನು ನಷ್ಟ, ಎನ್ನುತ್ತಿದ್ದಳು.

ಆದರೆ ಹೀಟ್ ಪಂಪು ಏಸಿಯ ಅಣ್ಣನಾದರೂ ಅದರದು ತಲೆಕೆಳಗಾದ ಸ್ವಭಾವ. ಏಸಿ ಮನೆಯೊಳಗಿನ ಶಾಖವನ್ನು ಕಿತ್ತು ಬೀದಿಗೆ ಎಸೆಯುತ್ತದೆ. ಇದು ಬೀದಿಯ ಚಳಿಗಾಳಿಯಲ್ಲೂ ಎಲ್ಲೋ ಮೂಲೆಯಲ್ಲಿ ಅಡಗಿರುವ ಶಾಖವನ್ನು ಹಿಂಡಿ ಮನೆಯೊಳಗೆ ತರುತ್ತದೆ. ಮರಳಿನಿಂದ ಎಣ್ಣೆ ತೆಗೆಯಲಾಗದು ಎಂದು ಹಿರಿಯರು ಹೇಳಿದ್ದಾರೆ, ಚಳಿಯಿಂದ ಬಿಸಿ ತೆಗೆಯುವ ವಿಷಯ ಅವರ ಗಮನಕ್ಕೆ ಬಂದಿರಲಿಲ್ಲ. ಹಿಂಡಿದ ಮೇಲೆ ಉಳಿದ ಗಾಳಿಯನ್ನು ಅದು ಮುಂದಕ್ಕೆ ಉಗುಳುತ್ತದೆ, ಮೊದಲಿಗಿಂತ ತಣ್ಣಗೆ. ಗಾಳಿಯ ತೇವ ಒಳಗಿನ ತಗಡುಗಳ ಮೇಲೆ ಮಂಜಾಗುತ್ತದೆ. ಆಗಾಗ ತಾನೇ ಕರಗಿಸಿಕೊಂಡು ನೀರನ್ನು ಕೆಳಗೆ ಬಿಡುತ್ತದೆ. ಅದಕ್ಕೆ ಬೇಕಾದದ್ದು ಇಷ್ಟೇ, ಗಾಳಿ ಆಡಬೇಕು, ನೀರು ಹರಿಯಬೇಕು. ಸೀರೆಯೊಳಗೆ ಅದು ರಾತ್ರಿಯೆಲ್ಲ ತನ್ನ ತಣ್ಣನೆ ಉಸಿರನ್ನೇ ತಾನು ಮತ್ತೆ ಮತ್ತೆ ಎಳೆದುಕೊಂಡು ಹೆಪ್ಪುಗಟ್ಟಿತ್ತು. ಸೆರಗು ಸರಿಸಿ ನೋಡಿದರೆ ಒಳಗೆ ಮಂಜಿನ ಒಂದು ಇಟ್ಟಿಗೆ, ಅದರಲ್ಲಿ ಫ್ಯಾನಿನ ಅರ್ಧ ರೆಕ್ಕೆ.

ಚಾಕುವಿನಿಂದ ಕೆತ್ತಬಾರದು, ಕುದಿಯುವ ನೀರು ಸುರಿಯಬಾರದು ಎಂದು ವಿಡಿಯೊ ನೋಡಿ ಕಲಿತೆ. ಕರೆಂಟು ತೆಗೆದು, ಉಗುರುಬೆಚ್ಚಗಿನ ನೀರನ್ನು ಚೊಂಬು ಚೊಂಬಾಗಿ ಎರೆಯತೊಡಗಿದೆ. ಒಳಗೆ ಅತ್ತೆ ಮೊಮ್ಮಗಳಿಗೆ ಎರೆಯುತ್ತಿದ್ದರು, ಹೊರಗೆ ನಾನು ಪಂಪಿಗೆ. ಬೆಳಗಿನ ಅಭ್ಯಂಜನ ಎರಡು ಕಡೆ ಏಕಕಾಲದಲ್ಲಿ ಸಾಗಿತ್ತು. ಮಗುವಿನದು ಬೇಗ ಮುಗಿಯಿತು.

ಎರೆದ ಮೇಲೆ ಸಾಂಬ್ರಾಣಿ. ಅತ್ತೆ ದಿನವೂ ಹಿತ್ತಲಿನಲ್ಲಿ ನಾಲ್ಕು ಚೂರು ಇದ್ದಿಲು ಹೊತ್ತಿಸಿ, ಒಂದು ಹಿಡಿಕೆಯ ಬಾಣಲೆಯಲ್ಲಿ ಒಳಗೆ ತಂದು, ಮಗುವಿನ ತಲೆಗೆ ಹೊಗೆ ತೋರಿಸಿ, ಮತ್ತೆ ಹೊರಗೆ ಇಡುತ್ತಿದ್ದರು. ಮೆಟ್ಟಿಲ ಮೇಲಿನ ಹೊಗೆ ಅಲಾರಂ ಮೊದಲ ದಿನ ಕಿರುಚಿ ಬೀದಿಯನ್ನೆಲ್ಲ ಕರೆದಿದ್ದರಿಂದ, ಸ್ನಾನದ ಹೊತ್ತಿಗೆ ಅದಕ್ಕೊಂದು ಶವರ್ ಕ್ಯಾಪ್ ತೊಡಿಸುವುದು ರೂಢಿಯಾಗಿತ್ತು. ನೋಡಿ, ಅದಕ್ಕೂ ಹೊದಿಕೆ.

ಆ ಶನಿವಾರ ಅತ್ತೆ ನಾಲ್ಕು ಚೂರಿಗೆ ನಿಲ್ಲಲಿಲ್ಲ. ಮನೆ ತಣ್ಣಗಾಗಿದೆ, ಮಗಳು ಹಸಿ ಬಾಣಂತಿ, ಅಳಿಯ ಹೊರಗೆ ಪೆಟ್ಟಿಗೆಗೆ ನೀರು ಹಾಕಿಕೊಂಡು ನಿಂತಿದ್ದಾನೆ. ಬೇಸಿಗೆಯ ಬಾರ್ಬೆಕ್ಯೂ ಮುಗಿದು ಶೆಡ್ಡಿನಲ್ಲಿ ಉಳಿದಿದ್ದ ಇದ್ದಿಲಿನ ಚೀಲ ಅವರ ಕಣ್ಣಿಗೆ ಬಿದ್ದಿತ್ತು. ಬಾಣಲೆ ತುಂಬ ಕೆಂಡ ಮಾಡಿ, ಹೊಗೆಯೆಲ್ಲ ಹೋಗಲೆಂದು ಜಾಣತನದಿಂದ ಹೊರಗೇ ಕಾದು, ಕೆಂಪಗೆ ನಿಗಿನಿಗಿ ಆದಮೇಲೆ ಬಾಣಂತಿ ಕೋಣೆಗೆ ತಂದು ಬಾಗಿಲು ಹಾಕಿಕೊಂಡರು. ಅವರ ಅಮ್ಮ ಅವರಿಗೆ ಹೀಗೇ ಮಾಡಿದ್ದರು, ಅಜ್ಜಿ ಅಮ್ಮನಿಗೆ. ಆದರೆ ಆ ಕಾಲದ ಮನೆಗಳಿಗೆ ಗಾಳಿ ಬಾಡಿಗೆ ಕೊಡದೆ ಬಂದು ಹೋಗುತ್ತಿತ್ತು, ಹೆಂಚಿನ ಸಂದಿಯಿಂದ, ಕದದ ಬಿರುಕಿನಿಂದ. ನಮ್ಮದು ಹೀಟ್ ಪಂಪಿಗೆಂದೇ ಬಿಗಿದ ಮನೆ. ಚಿಮಣಿ ಮುಚ್ಚಿ, ಕಿಟಕಿಗೆ ರಬ್ಬರು ತುರುಕಿ, ಪಿಸುಮಾತೂ ಹೊರಹೋಗದಂತೆ ಮಾಡಿಸಿದ್ದೆವು. ಹಳೆಯ ಗ್ಯಾಸ್ ಬಾಯ್ಲರ್ ಹೋದಾಗ ವಿಷಗಾಳಿಯ ಅಲಾರಮ್ಮೂ ಜೊತೆಗೇ ಹೋಗಿತ್ತು. ಇನ್ನು ಈ ಮನೆಯಲ್ಲಿ ಬೆಂಕಿಯೇ ಇಲ್ಲವಲ್ಲ, ಯಾಕೆ ಬೇಕು, ಎಂದು.

ಹನ್ನೊಂದರ ಹೊತ್ತಿಗೆ ಪಂಪಿನ ಸಂದಿಗಳಲ್ಲಿ ಉಳಿದ ಮಂಜಿಗೆ ಹೇರ್ ಡ್ರೈಯರ್ ಹಿಡಿದರೆ ಹೇಗೆ ಎಂಬ ಐಡಿಯಾ ಬಂತು. ಡ್ರೈಯರ್ ಇದ್ದದ್ದು ಬಾಣಂತಿ ಕೋಣೆಯಲ್ಲಿ. ಬಾಗಿಲು ತೆರೆದೆ. ಎಂಥ ಸೊಗಸಾದ ಬಿಸಿ. ಮುಖದ ಮೇಲೆ ಯಾರೋ ಕೈಯಿಟ್ಟು ಸಂತೈಸಿದ ಹಾಗೆ. ವೀಣಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅತ್ತೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದವರು ಕಣ್ಣು ಬಿಡದೆ, "ಬಾಗಿಲು ಹಾಕಿ, ಶಾಖ ಹೋಗತ್ತೆ," ಎಂದರು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ತಲೆಯೊಳಗೆ ಈ ದೃಶ್ಯ ಓಡುವಾಗಲೆಲ್ಲ ಇಲ್ಲೇ ನಿಲ್ಲುತ್ತೇನೆ. ನಾನು ವಿಧೇಯ ಅಳಿಯ, ಅತ್ತೆ ಹೇಳಿದ್ದನ್ನು ಮೀರಿದವನಲ್ಲ. ಬಾಗಿಲನ್ನು ನನ್ನ ಕಡೆಗೆ ಎಳೆದುಕೊಂಡೆ ಕೂಡ. ಹಾಕಿಯೇಬಿಡುತ್ತಿದ್ದೆ, ಎಳೆಯುವಾಗ ಮೊಣಕೈ ತಾಗಿ ಮೇಜಿನ ಮೇಲಿದ್ದ ಸ್ಟೀಲ್ ಚೊಂಬು ನೆಲಕ್ಕೆ ಬೀಳದಿದ್ದರೆ. ಠಣಠಣ ಎಂದು ಅದು ಕೋಣೆಯುದ್ದಕ್ಕೂ ಉರುಳಿತು. ನನ್ನ ಮಗಳು ಪಕ್ಕದ ಮನೆಯವರು ಬ್ರೆಡ್ಡಿಗೆ ಬೆಣ್ಣೆ ಸವರಿದ ಸದ್ದಿಗೂ ಎಚ್ಚರಗೊಳ್ಳುವ ಜಾತಿ. ಅವಳು ಅಲುಗಲಿಲ್ಲ.

"ವೀಣಾ," ಎಂದೆ.

"ತಲೆ ಸಿಡೀತಿದೆ. ಐದು ನಿಮಿಷ ಬಿಡು."

"ಮಗು ಏಳ್ತಿಲ್ಲ."

ಅವಳು ಹೊರಳಿ ನೆಲದ ಮೇಲಿದ್ದ ಬಾಣಲೆಯನ್ನು ನೋಡಿದಳು. ಅವಳ ಮುಖದಲ್ಲಿ ಡಾಕ್ಟರು ಎದ್ದು ಕೂತದ್ದನ್ನು ನಾನು ಕಣ್ಣಾರೆ ಕಂಡೆ. ಅವಳ ಕಾಲು ಮಾತ್ರ ಏಳಲಿಲ್ಲ. "ಅವಳನ್ನ ಆಚೆ ತಗೊಂಡ್ ಹೋಗು. ಮೊದಲು ಅವಳನ್ನ," ಎಂದಳು, ಆಪರೇಷನ್ ಥಿಯೇಟರಿನಲ್ಲಿ ಇಕ್ಕಳ ಕೇಳುವಷ್ಟು ಮೆತ್ತಗೆ.

ಮೂರು ಸ್ವೆಟರು, ಎರಡು ಶಾಲುಗಳಲ್ಲಿ ಸುತ್ತಿದ್ದ ಮಗಳನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದೆ. ಒಂದೊಂದೇ ಹೊದಿಕೆ ಸಡಿಲಿಸಿ, ಹೆಪ್ಪುಗಟ್ಟಿದ ಗಾಳಿಗೆ ಮುಖ ಹಿಡಿದೆ. ತಿಂಗಳ ಕೂಸಿಗೆ ಶೀತವಾಗುತ್ತದೆಂದು ಕಿಟಕಿಯ ಬಳಿಯೂ ಬಿಡದವರು ನಾವು. ಅವಳು ಮೊದಲು ಮುಖ ಕಿವುಚಿದಳು. ಆಮೇಲೆ ಅತ್ತಳು. ಆ ಅಳುವಿಗಿಂತ ಇಂಪಾದ ಯಾವ ಕಚೇರಿಯನ್ನೂ ನಾನು ಕೇಳಿಲ್ಲ, ಕೇಳುವ ಆಸೆಯೂ ಇಲ್ಲ. ಆಂಬುಲೆನ್ಸಿಗೆ ಫೋನು ಮಾಡಿದವನು ನಾನೇ ಅಂತೆ. ವೀಣಾ ತೆವಳಿ ಬಂದು ಅಮ್ಮನನ್ನು ಎಳೆದುಕೊಂಡು ಹೊಸಿಲ ಮೇಲೆ ಕೂತಿದ್ದಳು.

ಆಸ್ಪತ್ರೆಯಲ್ಲಿ ಮೂರು ತಲೆಮಾರಿಗೂ ಒಂದೇ ಸಾಲಿನಲ್ಲಿ ಆಕ್ಸಿಜನ್, ಕೆಂಡದಿಂದ ಎದ್ದ ಕಾರ್ಬನ್ ಮೊನಾಕ್ಸೈಡೆಂಬ ವಿಷಗಾಳಿಯನ್ನು ರಕ್ತದಿಂದ ಓಡಿಸಲು. ಇನ್ನಷ್ಟು ಹೊತ್ತು ಹೋಗಿದ್ದರೆ ಎಂದು ಡಾಕ್ಟರು ಶುರು ಮಾಡಿದ ವಾಕ್ಯವನ್ನು ವೀಣಾ ಕೈಯೆತ್ತಿ ನಿಲ್ಲಿಸಿದಳು. ಉಳಿದರ್ಧ ಅವಳಿಗೆ ಬಾಯಿಪಾಠವಿತ್ತು. ಅಗ್ನಿಗೆ ನಾವು ತುಪ್ಪ ಕೊಟ್ಟು ಕೈಮುಗಿಯುತ್ತೇವೆ, ಅವನು ತನ್ನ ಪಾಲಿನ ಗಾಳಿಯನ್ನು ಕೇಳದೆಯೇ ತೆಗೆದುಕೊಳ್ಳುತ್ತಾನೆ. ಕೋಣೆ ಮುಚ್ಚಿದ್ದರೆ ನಮ್ಮ ಪಾಲನ್ನೂ.

ಭಾನುವಾರ ಮನೆಗೆ ಬಂದು ಪಂಪಿನ ಸ್ವಿಚ್ ಹಾಕಿದರೆ ಫ್ಯಾನು ಏನೂ ಆಗಿಲ್ಲವೆಂಬಂತೆ ತಿರುಗಿತು. ಮಂಗಳವಾರ ಬಂದ ಎಂಜಿನಿಯರ್, ಅಪ್ಪಟ ಬರ್ಮಿಂಗ್‌ಹ್ಯಾಮಿನವನು, ಮೂಲೆಯಲ್ಲಿ ಮಡಿಸಿಟ್ಟಿದ್ದ ಸೀರೆಗಳ ಕಥೆ ಕೇಳಿ, "ಫೀಲಿಂಗ್ ದ ಕೋಲ್ಡ್, ವಾಸ್ ಇಟ್, ಬ್ಯಾಬ್?" ಎಂದು, ಚಳಿಯಾಯ್ತಾ ಕಂದಾ ಎಂದು ಮಗುವನ್ನು ಕೇಳುವ ಹಾಗೆ, ಪಂಪಿನ ತಲೆ ತಟ್ಟಿದ. ನೀರು ಹರಿಯುವ ಕೊಳವೆಯಲ್ಲಿ ಮತ್ತೆ ಮಂಜು ಕಟ್ಟದಂತೆ ಬಿಸಿಯಾಗುವ ತಂತಿಯೊಂದನ್ನು ಸುತ್ತಿಕೊಟ್ಟ. ಯಂತ್ರದ ರಿಪೇರಿ ಮುಗಿಯಿತು.

ನಮ್ಮದು ಆಗಲಿಲ್ಲ. ಹೊಸ ಅಲಾರಂಗಳು ಕೋಣೆಗೊಂದರಂತೆ ಬಂದವು, ನಿದ್ದೆ ಬರಲಿಲ್ಲ. ವೀಣಾ ಗಳಿಗೆಗೊಮ್ಮೆ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ನೋಡುವಳು. ಅವಳು ನೋಡಿದಳೋ ಇಲ್ಲವೋ ಎಂದು ನಾನು ಎದ್ದು ನೋಡುವೆ. ನಾವಿಬ್ಬರೂ ಹೀಗೆ ಮುಟ್ಟಿ ಮುಟ್ಟಿ ಮಗುವನ್ನು ಎಬ್ಬಿಸುವೆವು. ಬಿಸಿ ಬರಲೆಂದು ಪಂಪು ಓಡುತ್ತಿತ್ತು, ಉಸಿರು ಬರಲೆಂದು ಕಿಟಕಿ ತೆರೆದಿತ್ತು. ಇಡೀ ಸೊಲಿಹಲ್ಲನ್ನು ಬಿಸಿ ಮಾಡುವ ಹೊಣೆ ಹೊತ್ತವರಂತೆ ಕಂಬಳಿಯೊಳಗೆ ನಡುಗುತ್ತಿದ್ದೆವು.

ಎಲ್ಲರಿಗಿಂತ ಕೆಟ್ಟದ್ದು ಅತ್ತೆಯ ಪಾಡು. ಅವರು ಮಗುವನ್ನು ಮುಟ್ಟುವುದನ್ನೇ ಬಿಟ್ಟರು. ಎರೆಯುವ ಹೊತ್ತಿಗೆ ಮಾಡಲು ಬೇರೇನೋ ಹುಡುಕಿಕೊಳ್ಳುವರು. ಮಗು ಅತ್ತರೆ, "ಪುಟ್ಟಿ, ಅಳ್ತಿದೆ ನೋಡು," ಎಂದು ಬಾಗಿಲಾಚೆಯಿಂದಲೇ ಕೂಗುವರು. ಒಂದು ದಿನ ವಾಪಸು ಹೋಗುವ ಟಿಕೆಟನ್ನು ಇನ್ನೂ ಬೇಗನೆಯ ದಿನಕ್ಕೆ ಹಾಕಿಸಲಾಗುತ್ತದಾ ಎಂದು ನನ್ನನ್ನು ಕೇಳಿದರು.

"ಯಾಕತ್ತೆ?"

"ಬಾಣಂತನ ಮಾಡೋಕೆ ಬಂದವಳು. ಬೇರೆ ಏನೋ ಮಾಡಿ ಹೋಗ್ತಿದ್ದೆ. ಇಂಥ ಕೈ ಇಲ್ಲಿ ಯಾಕೆ ಇರಬೇಕು ಹೇಳಿ."

ನನಗೆ ಒಂದು ತಮಾಷೆಯೂ ಹೊಳೆಯಲಿಲ್ಲ, ನನ್ನ ಮಟ್ಟಿಗೆ ಅದು ಗಂಭೀರ ಕಾಯಿಲೆ. ಬುಧವಾರ ಸಂಜೆ ವೀಣಾ, ಕಣ್ಣ ಕೆಳಗೆ ಎರಡು ಕಪ್ಪು ಬಟ್ಟಲು ಹೊತ್ತು, ಅಡುಗೆಮನೆಗೆ ಬಂದು ಬೇಳೆ ಆರಿಸುತ್ತಿದ್ದ ಅಮ್ಮನ ಮಡಿಲಲ್ಲಿ ಮಗುವನ್ನು ಇಟ್ಟುಬಿಟ್ಟಳು. ಅತ್ತೆ ಕೈ ಮೇಲೆತ್ತಿದರು, ಪೊಲೀಸರ ಮುಂದೆ ಎತ್ತುವ ಹಾಗೆ.

"ಬೇಡ ಪುಟ್ಟಿ. ನನ್ನ ಕೈಗೆ ಕೊಡಬೇಡ."

"ಅಮ್ಮಾ, ದಿನಾ ಎಷ್ಟೋ ಜನ ನನ್ನ ಕೈಗೆ ಉಸಿರು ಕೊಟ್ಟು ಮಲಗ್ತಾರೆ. ನನ್ನ ಹೆಸರೂ ಅವರಿಗೆ ನೆನಪಿರಲ್ಲ. ನನಗೆ ನಿನ್ನ ಹೆಸರಾದ್ರೂ ಗೊತ್ತು."

"ಮತ್ತೇನಾದ್ರೂ ಆದ್ರೆ?"

"ಕೂಗು. ಹಾಲು ಫ್ರಿಜ್ಜಲ್ಲಿದೆ. ಕಿಟಕಿ ಒಂದು ಬೆರಳಷ್ಟು ತೆಗೆದಿರು. ನಾನಿನ್ನು ನಿಂತಲ್ಲೇ ಬೀಳ್ತೀನಿ."

ಅತ್ತೆಯ ಕೈಗಳು ಇನ್ನೂ ಗಾಳಿಯಲ್ಲೇ ಇದ್ದವು. ಮಡಿಲಿನಿಂದ ಮಗು ಜಾರತೊಡಗಿತು. ಜಾರುವ ಮಗುವಿನ ಮುಂದೆ ಯಾವ ಪಶ್ಚಾತ್ತಾಪ ಎಷ್ಟು ಹೊತ್ತು ಕೈ ಎತ್ತಿ ನಿಂತೀತು? ಆ ಕೈಗಳು ತಾವೇ ಇಳಿದು ಬಂದು ಹಿಡಿದುಕೊಂಡವು.

ವೀಣಾ ತಿರುಗಿ ನೋಡದೆ ಮೆಟ್ಟಿಲು ಹತ್ತಿದಳು. ನಾನು ಹಿಂಬಾಲಿಸಿದೆ. ನಿದ್ದೆ ಸುಸ್ತಿನಿಂದ ಬರುತ್ತದೆ ಎಂದು ಅಲ್ಲಿಯವರೆಗೆ ನಂಬಿದ್ದೆ. ಸುಸ್ತು ಬರೀ ಹಾಸಿಗೆ ಹಾಸುತ್ತದೆ. ಇನ್ನೊಬ್ಬರು ಎಚ್ಚರವಿದ್ದಾರೆ, ಅವರು ತಪ್ಪಬಹುದು, ಆದರೂ ಇದ್ದಾರೆ, ಎಂದು ಒಪ್ಪಿಕೊಂಡಾಗಲೇ ಕಣ್ಣು ಮುಚ್ಚುವುದು. ಮಗು ಎರಡು ಸಲ ಎದ್ದಿತ್ತಂತೆ, ಒಂದು ಸಲ ಚೆನ್ನಾಗಿ ಕಿರುಚಿತಂತೆ. ನಮಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಬೆಳಕಾಗಿತ್ತು, ಕೆಳಗೆ ಅತ್ತೆ ಬಕೆಟ್ಟಿಗೆ ನೀರು ತುಂಬಿಸುತ್ತ ಮೊಮ್ಮಗಳಿಗೆ ಏನೋ ಬೈಯುತ್ತಿದ್ದರು, ಗುರುವಾರವಾಗಿತ್ತು.