ಲಾಂಚು ಹತ್ತದ ಹಗ್ಗದಣ್ಣ

ಹಗ್ಗದಣ್ಣ ಜೆಟ್ಟಿಗೆ ಬಂದ ಲಾಂಚುಗಳನ್ನು ಕಟ್ಟುತ್ತಾನೆ. ಈ ಊರಿಗೆ ಬಂದ ಹದಿನೆಂಟು ವರ್ಷದಲ್ಲಿ ಒಂದನ್ನೂ ಹತ್ತಿಲ್ಲ. ಹಿಂದೆ ಬೇರೆ ಊರಲ್ಲಿ ಲಾಂಚು ಓಡಿಸುತ್ತಿದ್ದವನು. ಯಾಕೆ ಬಿಟ್ಟಿರಿ ಎಂದು ಮಗಳು ಕೇಳಿದರೆ, "ನಿನ್ನ ಕೆಲ್ಸ ನೋಡ್ಕೋ" ಎಂದು ಗದರುತ್ತಿದ್ದ.

ಮೊನ್ನೆ ಮಧ್ಯಾಹ್ನ, ದಡ ಇನ್ನೂ ಹತ್ತು ಮಾರು ದೂರ ಇರುವಾಗ, ಅಳಿಯ ಓಡಿಸುತ್ತಿದ್ದ ಲಾಂಚಿಗೆ ನೀರು ನುಗ್ಗಿತು. ಒಳಗೆ ಮೂವತ್ತು ಜನ. ಅಳಿಯ ಚುಕ್ಕಾಣಿ ಬಿಟ್ಟು ಒಂದು ಕಾಲನ್ನು ಅಂಚಿನಾಚೆ ಹಾಕಿದ. ಹಗ್ಗದಣ್ಣ ಜೆಟ್ಟಿಯ ತುದಿಗೆ ಓಡಿದ.

"ಹಾರಬೇಡಿ ಅಳಿಯಂದ್ರೇ," ಎಂದು ಇಡೀ ಜೆಟ್ಟಿಗೆ ಕೇಳುವಂತೆ ಕೂಗಿದ. "ಆ ಊರಲ್ಲಿ ನಾನೂ ಹೀಗೇ ಜನಾನ ಬಿಟ್ಟು ಹಾರಿದ್ದೆ. ಲಾಂಚು ಮುಳುಗಲೇ ಇಲ್ಲ. ನನ್ನನ್ನ ನೀರಿಂದ ಎಳ್ಕೊಂಡಿದ್ದು ಆ ಜನರೇ."

ಅಳಿಯನ ಕಾಲು ಒಳಗೆ ಬಂತು. ಗಂಡನಿಗೆ ಬುತ್ತಿ ತಂದಿದ್ದ ಮಗಳು ಪಕ್ಕದಲ್ಲೇ ನಿಂತಿದ್ದಳು. ಅವಳ ಮುಖ ನೋಡದೆ ಹಗ್ಗದಣ್ಣ ಹಗ್ಗ ಎಸೆದ.